ಗ್ಯಾಂಗ್ ಹಟ್ಟಿನ ಜಗಲಿ ಗೋಡೆ

ನಮ್ಮ ಮನೆಗೆ ರೈಲು ಬಂದದ್ದು ಗೋಣಿಚೀಲದಲ್ಲಿ.

ವಸ್ತಾರೆ ಕಡೆಯ ಎಸ್ಟೇಟ್ ಒಂದರ ಗೇಟಿಗೆ ಹೆಸರು ಬರೆಯಲು ಹೋಗಿದ್ದೆ. ಕೆಲಸ ಮುಗಿಸಿ ಬ್ರಶ್ ತೊಳೆಯುತ್ತಿರುವಾಗ ಮಾಲೀಕರು ಹೊರಗೆ ಬಂದು, "ನಿಮ್ಮಣ್ಣ ಹ್ಯಾಗಿದ್ದಾರೆ ಈಗ?" ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಆಳನ್ನು ಕರೆದು ಅಟ್ಟದಿಂದ ಒಂದು ಚೀಲ ಇಳಿಸಿ ತರಿಸಿದರು. "ನಮ್ಮ ಮಕ್ಕಳು ಆಡಿ ಬಿಟ್ಟ ರೈಲು. ಹಳಿ ಎಲ್ಲ ಇದೆ. ಅವ್ರು ರೈಲ್ವೆಯವ್ರಲ್ವಾ, ನೋಡಿದ್ರೆ ಖುಷಿ ಆಗ್ಬಹುದು, ತಗೊಂಡ್ ಹೋಗಿ" ಎಂದರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಚೀಲ ಇಟ್ಟುಕೊಂಡು ಬಣಕಲ್ಲಿಗೆ ಬಂದೆ.

ಅಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಸಕಲೇಶಪುರದಿಂದ ಕೆಳಗಿಳಿಯುವ ಘಾಟಿಯಲ್ಲಿ ಹಳಿ ನೋಡಿಕೊಳ್ಳುವ ಗುಂಪಿನಲ್ಲಿ ಒಬ್ಬ. ಹಳಿಯನ್ನು ಹಿಡಿದಿಡುವ ಕೀಲಿಗಳು ಸಡಿಲಾದರೆ ಬಡಿದು ಕೂರಿಸುವುದು, ಹಳಿಯ ಕೆಳಗೆ ಜಲ್ಲಿ ತುಂಬುವುದು, ಮಳೆಗಾಲದಲ್ಲಿ ಗುಡ್ಡ ಎಲ್ಲಾದರೂ ಜರಿದಿದೆಯೇ ಎಂದು ನೋಡುತ್ತ ಮೈಲುಗಟ್ಟಲೆ ನಡೆಯುವುದು, ಆಯಸ್ಸೆಲ್ಲ ಇದೇ. ನಮ್ಮ ಬಣಕಲ್, ಮೂಡಿಗೆರೆ, ಕಳಸದ ಕಡೆ ರೈಲೇ ಇಲ್ಲ. ಹಾಗಾಗಿ ಅವನು ಏನು ಕೆಲಸ ಮಾಡುತ್ತಾನೆ ಎಂಬುದು ಊರಿನವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಟಿಕೆಟ್ ಕೊಡುತ್ತಾನೆ ಎಂದುಕೊಂಡವರೇ ಹೆಚ್ಚು. ಅವನೂ ತಿದ್ದಲು ಹೋಗುತ್ತಿರಲಿಲ್ಲ. ರಿಟೈರ್ ಆದ ಮೇಲೆ ಅತ್ತಿಗೆ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು, ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಕರೆದುಕೊಂಡು ಬಂದೆವು.

ಮಾತು ಹೋದರೇನು, ಎಡಗೈಯಲ್ಲಿ ಬರೆದು ತೋರಿಸಲಿ ಎಂದು ಸ್ಲೇಟು ತಂದೆ. ಅಕ್ಷರವೂ ಹೋಗಿತ್ತು. ನಾನು ದಪ್ಪಗೆ 'ನೀರು' ಎಂದು ಬರೆದು ತೋರಿಸಿದರೆ ಇರುವೆ ಸಾಲು ನೋಡುವ ಹಾಗೆ ನೋಡಿದ. ಬೋರ್ಡ್ ಬರೆದೇ ಹೊಟ್ಟೆ ಹೊರೆದವನು ನಾನು. ಕಳಸದಿಂದ ಚಿಕ್ಕಮಗಳೂರಿನವರೆಗೆ ಅಂಗಡಿ, ಬಸ್ಸು, ಶಾಲೆ, ಎಸ್ಟೇಟು, ಯಾವುದಕ್ಕೆ ನಾನು ಹೆಸರು ಬರೆದಿಲ್ಲ? ಒಡಹುಟ್ಟಿದವನಿಗೆ ನನ್ನ ಎರಡಕ್ಷರ ಓದಿಸಲಾಗಲಿಲ್ಲ. ಅವತ್ತು ನನಗೆ ಆದಷ್ಟು ಬೇಜಾರು, ಊರಿಗೆ ಫ್ಲೆಕ್ಸ್ ಬಂದು ನನ್ನ ಕಸುಬು ನೆಗೆದುಬಿದ್ದಾಗಲೂ ಆಗಿರಲಿಲ್ಲ.

ಅವನಿಗೆ ಉಳಿದದ್ದು ಒಂದು 'ಹೂಂ' ಮತ್ತು ಎಡಗೈ. ಹೂಂ ಅಂದರೆ ಹೌದು. ಎಡಗೈಯ ಅಂಗೈ ಮಗುಚಿದರೆ ಅಲ್ಲ. ಇಷ್ಟರಲ್ಲೇ ಊಟ, ನೀರು, ಸ್ನಾನ, ನೋವು, ಎಲ್ಲವೂ ನಡೆಯಬೇಕಿತ್ತು. ಮುಂದಿನ ಕೋಣೆಯ ಗೋಡೆಗೆ ಒಂದು ಅಗಲದ ಬೆಂಚು ಹಾಕಿಕೊಟ್ಟಿದ್ದೆವು. ನನ್ನ ಹೆಂಡತಿ ಬೆಳಿಗ್ಗೆ ಅವನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಕೂರಿಸಿದರೆ, ಗೋಡೆಗೆ ಒರಗಿ ರಸ್ತೆ ನೋಡುತ್ತ ಕೂರುತ್ತಿದ್ದ. ಅವನು ನೋಡುತ್ತಿದ್ದದ್ದು ಬಸ್ಸುಗಳನ್ನು. ರೈಲ್ವೆಯವನಿಗೆ ಬಸ್ಸು ನೋಡುವ ಶಿಕ್ಷೆ ಎಂದು ನಾನು ತಮಾಷೆ ಮಾಡಿದರೆ ಬಾಯಿಯ ಎಡ ಮೂಲೆ ಮಾತ್ರ ನಗುತ್ತಿತ್ತು.

ಚೀಲ ಬಿಚ್ಚಿ, ಪ್ಲೈವುಡ್ ಹಲಗೆಯ ಮೇಲೆ ಹಳಿ ಜೋಡಿಸಿ ಬೆಂಚಿನ ಎದುರಿಗೆ ಇಟ್ಟೆ. ರೈಲು ಗಿರ್ರೆಂದು ಒಂದು ಸುತ್ತು ಬಂತು. ಅಣ್ಣ ಮುಂದಕ್ಕೆ ಬಾಗಿದ. ಅವನು ಗಾಡಿ ನೋಡಲಿಲ್ಲ, ಹಳಿಗಳು ಸೇರುವ ಕಡೆ ಬೆರಳಿಟ್ಟು ಸವರಿ ನೋಡಿದ! ಹೆಂಡತಿ, "ನೋಡಿ, ಭಾವ ಡ್ಯೂಟಿಗೆ ಹಾಜರಾದ್ರು" ಎಂದಳು. ಚೀಲದಲ್ಲಿ ಪ್ಲಾಸ್ಟಿಕ್ಕಿನ ಒಂದು ಸ್ಟೇಷನ್ನೂ ಇತ್ತು. ಹಿಮ ಬೀಳುವ ದೇಶದ್ದು. ಮೇಲೆ ಚೂಪಾದ ಮಾಡು, ಚಿಮಣಿ, ಕಿಟಕಿಯ ಕೆಳಗೆ ಹೂವಿನ ತೊಟ್ಟಿ. ಅದನ್ನು ಇಟ್ಟಾಗ ಅಣ್ಣ ಅಂಗೈ ಮಗುಚಿದ. ನಾನು ಚಿಮಣಿ ಕತ್ತರಿಸಿ, ಗೋಡೆಗೆ ನಮ್ಮ ರೈಲ್ವೆ ಹಳದಿ ಬಳಿದು, ಬುಡಕ್ಕೆ ಕೆಂಪು ಪಟ್ಟಿ ಎಳೆದು ತಂದೆ. ಪರದೇಶದವನಿಗೆ ಪಂಚೆ ಉಡಿಸಿದ ಹಾಗೆ ಕಾಣುತ್ತಿತ್ತು. ಮತ್ತೆ ಅಂಗೈ ಮಗುಚಿತು.

ಆಗ ನನಗೆ ಹಟ ಬಂತು. ಬೋರ್ಡ್ ಕೆಲಸದಲ್ಲಿ ಉಳಿದ ಬಿಳಿ ಫೋಮ್ ಶೀಟಿನ ತುಂಡುಗಳು ಅಟ್ಟದ ತುಂಬ ಇದ್ದವು. ಅವನ್ನೇ ಕತ್ತರಿಸಿ ನಮ್ಮ ಘಾಟಿಯ ಸ್ಟೇಷನ್ ಕಟ್ಟಿದೆ. ಮದುವೆ ಕಾಗದದ ರಟ್ಟಿನಿಂದ ಹೆಂಚು, ಅಗರಬತ್ತಿ ಕಡ್ಡಿಯಿಂದ ಕಿಟಕಿ ಸರಳು, ಬಿಸ್ಕತ್ ಪೊಟ್ಟಣದ ಒಳಗಿನ ಅಲೆಅಲೆ ಕಾಗದದಿಂದ ತಗಡು. ಚೆನ್ನಾಗಿಯೇ ಬಂತು. ಆದರೆ ಕೈ ಅಭ್ಯಾಸ ಎಲ್ಲಿ ಹೋಗುತ್ತದೆ, ಎನಾಮೆಲ್ ಹೊಡೆದುಬಿಟ್ಟೆ. ಕಟ್ಟಡ ಶೋರೂಮಿನಿಂದ ಈಗಷ್ಟೇ ಹೊರಗೆ ಬಂದ ಬಸ್ಸಿನ ಹಾಗೆ ಹೊಳೆಯತೊಡಗಿತು. ಅಣ್ಣ ಅದನ್ನು ನೋಡಿ ನಕ್ಕಿದ್ದು ನನಗೆ ಇನ್ನೂ ನೆನಪಿದೆ, ಭುಜ ಕುಣಿಸಿ ನಕ್ಕ.

ಜೀವಮಾನವೆಲ್ಲ ಹಳೆಯದನ್ನು ಹೊಸದು ಮಾಡಿದವನು ಈಗ ಹೊಸದನ್ನು ಹಳೆಯದು ಮಾಡಲು ಕಲಿಯಬೇಕಾಯಿತು. ಎನಾಮೆಲ್ ಬಿಟ್ಟು ಸುಣ್ಣಕ್ಕೆ ಗೋಂದು ಬೆರೆಸಿ ಬಳಿದೆ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿದೆ. ಕೆಮ್ಮಣ್ಣು ಕಲಸಿ ಹಳೆಯ ಟೂತ್‌ಬ್ರಶ್ಶಿನಲ್ಲಿ ಅದ್ದಿ ಗೋಡೆಯ ಬುಡಕ್ಕೆ ಸಿಡಿಸಿದರೆ, ಸೂರಿನ ನೀರು ಬಿದ್ದು ಎದ್ದ ಕೆಸರಿನ ಗುರುತು ಬರುತ್ತದೆ. ಮುರಿದ ಬಾಗಿಲಿನ ತಿರುಗಣಿಯಿಂದ ತುಕ್ಕು ಕೆರೆದು ತಗಡಿನ ಮೇಲೆ ಉದುರಿಸಿದೆ. ಅದು ತುಕ್ಕೇ, ಅದಕ್ಕಿಂತ ನಿಜ ಯಾವುದು? ಕಾಫಿ ಸೋಸಿ ಉಳಿದ ಚರಟ ಒಣಗಿಸಿ ನೆಲಕ್ಕೆ ಹಾಸಿದೆ. ಎಸ್ಟೇಟಿನ ಕಲ್ಲುಗೋಡೆಯಿಂದ ಪಾಚಿ ಕಿತ್ತು ತಂದು ಗುಡ್ಡಕ್ಕೆ ಅಂಟಿಸಿದೆ. ಮನೆಯೆಲ್ಲ ಕಾಫಿ, ಗೋಂದು, ಮಣ್ಣು ಸೇರಿದ ಒಂದು ವಾಸನೆ. ಹೆಂಡತಿ ಬೈದಳು, ಆದರೆ ಚರಟ ಎಸೆಯದೆ ನನಗೇ ಎತ್ತಿಡುತ್ತಿದ್ದಳು.

ಇದರಲ್ಲಿ ಅಣ್ಣನದು ಮೇಸ್ತ್ರಿ ಕೆಲಸ. ಸಿಗ್ನಲ್ ಕಂಬ ಇಡಲು ಹೋದರೆ ಅಂಗೈ ಮಗುಚಿ ಇನ್ನೊಂದು ಬದಿ ತೋರಿಸುವನು. ಸುರಂಗದ ಬಾಯಿಗೆ ನಾನು ನಯವಾಗಿ ಕಲ್ಲು ಬರೆದರೆ ಅಲ್ಲ ಎನ್ನುವನು, ಒದ್ದೆ ಬಟ್ಟೆ ತರಿಸಿ ಅದರಿಂದ ಒರೆಸಿ ಕಪ್ಪು ನೀರು ಸೋರಿ ಇಳಿದ ಹಾಗೆ ತಾನೇ ಮಾಡುವನು. ಒಂದೊಂದು ಹೂಂಗೂ ನನಗೆ ಬಹುಮಾನ ಸಿಕ್ಕಷ್ಟು ಸಂತೋಷ. ಎಷ್ಟೋ ವರ್ಷ ಅವನು ಘಾಟಿಯಲ್ಲಿ, ನಾನು ಇಲ್ಲಿ, ಹಬ್ಬಕ್ಕೊಮ್ಮೆ ಮುಖ ನೋಡಿದವರು. ಅವನ ಬಾಯಿ ನಿಂತ ಮೇಲೆ ನಾವು ಮಾತಾಡಿದಷ್ಟು ಮೊದಲು ಎಂದೂ ಆಡಿರಲಿಲ್ಲ.

ಒಂದು ದಿನ ಸುರಂಗದ ಪಕ್ಕದ ಖಾಲಿ ಜಾಗಕ್ಕೆ ಎಡಗೈ ಬಡಿದ. ನನ್ನ ಮುಖ ನೋಡಿದ. ಮತ್ತೆ ಬಡಿದ.

"ಗ್ಯಾಂಗ್ ಹಟ್ಟಾ?" ಎಂದೆ.

ಅವನು ಹೂಂ ಎಂದ ಜೋರಿಗೆ ಒಳಗಿದ್ದ ಹೆಂಡತಿ ಓಡಿ ಬಂದಳು.

ಗ್ಯಾಂಗ್ ಹಟ್ ಅಂದರೆ ಹಳಿ ಕೆಲಸದವರು ಉಳಿಯುವ, ಉಣ್ಣುವ, ಸಾಮಾನು ಇಡುವ ಸಣ್ಣ ಮನೆ. ಅವನ ಹಟ್ಟನ್ನು ನಾನು ನೋಡಿದ್ದು ಒಂದೇ ಸಲ, ಪ್ರಾಯದಲ್ಲಿ. ಅವ್ವ ಕೊಟ್ಟ ಕಂಬಳಿ, ಹಲಸಿನ ಹಪ್ಪಳ ತಲುಪಿಸಲು ಹೋಗಿ ಒಂದು ದಿನ ಉಳಿದಿದ್ದೆ. ಕಲ್ಲಿನ ಗೋಡೆಗೆ ಸುಣ್ಣ, ತಗಡಿನ ಮಾಡು, ಮುಂದೆ ಒಂದು ಜಗಲಿ, ಮೂಲೆಯಲ್ಲಿ ನೀರಿನ ಡ್ರಮ್ಮು, ಇಷ್ಟು ನೆನಪಿತ್ತು. ಅಳತೆಗೆ ಸರಿಯಾಗಿ ಮಾಡಿದರೆ ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾಗುತ್ತದೆ. ಕಾಣದ ಬೋರ್ಡ್ ಬರೆದು ಏನು ಸುಖ ಎನ್ನುವವನು ನಾನು. ಅಣ್ಣನ ಕಣ್ಣಿಗೆ ಕಾಣಲಿ ಎಂದು ಅರ್ಧ ಗೇಣಿಗೆ ಎಳೆದೆ. ಈ ಒಂದು ಕಟ್ಟಡಕ್ಕೆ ನಾನು ಪಟ್ಟಷ್ಟು ಪಾಡು ಇಡೀ ಸ್ಟೇಷನ್ನಿಗೂ ಪಟ್ಟಿರಲಿಲ್ಲ.

ಮುಗಿಸಿ ಅವನ ಮುಂದೆ ಇಟ್ಟೆ. ಮಾಡಿಗೆ ಹೂಂ. ಡ್ರಮ್ಮಿಗೆ ಹೂಂ. ಬಾಗಿಲಿಗೆ, ಮೆಟ್ಟಿಲಿಗೆ, ಕೆಸರಿನ ಗುರುತಿಗೆ ಹೂಂ. ಆಮೇಲೆ ಎಡಗೈಯನ್ನು ತಲೆಗೆ ಒಯ್ದು ಒಮ್ಮೆ ಉಜ್ಜಿದ. ಆ ಬೆರಳನ್ನು ತಂದು ಜಗಲಿಯ ಮೇಲಿನ ಬಿಳಿ ಗೋಡೆಗೆ ಒತ್ತಿದ. ಮತ್ತೆ ತಲೆಗೆ ಒಯ್ದ, ಅದರ ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದ. ನನ್ನನ್ನು ನೋಡಿದ.

"ಎಂತ ಅಣ್ಣ, ತಲೆನೋವಾ?"

ಅಂಗೈ ಮಗುಚಿದ. ಮತ್ತೆ ತಲೆ, ಮತ್ತೆ ಗೋಡೆ.

ಹೆಂಡತಿ ಹಣೆಗೆ ಮುಲಾಮು ಹಚ್ಚಿದಳು. ಅವನು ಹಚ್ಚಿಸಿಕೊಂಡ, ಆದರೆ ಅವಳ ಕೈ ಸರಿಸಿ ಮತ್ತೆ ಹಟ್ಟಿನ ಕಡೆ ಕೈ ಚಾಚಿದ. ಲಕ್ವ ಹೊಡೆದವನು ತಲೆ ಮುಟ್ಟಿ ತೋರಿಸಿದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಮಾರನೆಯ ದಿನ ಆಟೋ ಮಾಡಿಸಿ ಮೂಡಿಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬೀಪಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, ಮಾತ್ರೆ ಬದಲಾಯಿಸಿ ಕಳಿಸಿದರು. ಮನೆಗೆ ಬಂದು ಬೆಂಚಿನ ಮೇಲೆ ಕೂತ ಕೂಡಲೇ ಅಣ್ಣ ಮಾಡಿದ ಮೊದಲ ಕೆಲಸ ಅದೇ. ತಲೆ, ಗೋಡೆ.

ನನ್ನ ಬಿಳಿ ಗೋಡೆಯ ಮೇಲೆ ಎಣ್ಣೆಯ ಕಲೆ ಬಿದ್ದಿತ್ತು. ಒರೆಸಿ, ಮತ್ತೆ ಬಳಿದು, ಮತ್ತೆ ಹಳೆಯದು ಮಾಡಿ ಇಟ್ಟೆ. ಅವನು ಮತ್ತೆ ಒತ್ತಿದ. ನನಗೆ ಸಿಟ್ಟು ಬೇಗ. "ಎಷ್ಟ್ ಸಲ ಬಳೀಲಿ ಮಾರಾಯ? ಬಣ್ಣ ಸರಿಯಿಲ್ವಾ? ಕಿಟಕಿ ಸರಿಯಿಲ್ವಾ? ಎಂತ ಬೇಕು ನಿಂಗೆ?" ಎಂದು ಕೂಗಾಡಿದೆ. ಒಂದೊಂದಕ್ಕೂ ಅಂಗೈ ಮಗುಚಿದ. ಕೊನೆಗೆ ತನ್ನ ಬೆರಳನ್ನೇ ನೋಡುತ್ತ ಕೂತ. ಅವನ ಕಣ್ಣಲ್ಲಿ ನೀರಿತ್ತು. ಲಕ್ವ ಆದವರಿಗೆ ಕಣ್ಣೀರು ತಡೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗಾಗಿ ಅದನ್ನೂ ನಾನು ಕಾಯಿಲೆಯ ಲೆಕ್ಕಕ್ಕೆ ಹಾಕಿದೆ.

ಜಗಲಿಯಲ್ಲಿ ಜನ ಬೇಕೇನೋ ಎಂದು ಹೊಳೆಯಿತು. ತಲೆ ಮುಟ್ಟುತ್ತಾನಲ್ಲ, ತಲೆ ಅಂದರೆ ಆಳು. ತಂತಿ ಬಾಗಿಸಿ, ಜೇಡಿಮಣ್ಣು ಮೆತ್ತಿ ಸಣ್ಣ ಸಣ್ಣ ಗ್ಯಾಂಗ್‌ಮನ್‌ಗಳನ್ನು ಮಾಡಿ ಗೋಡೆಗೆ ಒರಗಿಸಿ ಕೂರಿಸಿದೆ. ಒಬ್ಬನ ಕೈಗೆ ಸುತ್ತಿಗೆ, ಒಬ್ಬನಿಗೆ ಮಂಕಿಕ್ಯಾಪು. ಅಣ್ಣ ತುಂಬ ಹೊತ್ತು ನೋಡಿದ. ಹೂಂ ಎಂದ, ಆದರೆ ಅರ್ಧ ಹೂಂ. ಆಮೇಲೆ ಒಬ್ಬೊಬ್ಬರನ್ನೇ ಜೋಪಾನವಾಗಿ ಎತ್ತಿ ನನ್ನ ಅಂಗೈಯಲ್ಲಿಟ್ಟ. ಅವರು ಒರಗಿದ್ದ ಗೋಡೆಯನ್ನು ತೋರಿಸಿದ. ತಲೆ, ಗೋಡೆ. ತಲೆ, ಗೋಡೆ. ಬೊಂಬೆ ಚೆನ್ನಾಗಿ ಬಂದಿಲ್ಲ ಎಂದು ನಾನು ತಿಳಿದೆ.

ಆಮೇಲೆ ನಾನು ಮಾಡಿದ್ದು ಬೋರ್ಡ್ ಬರೆಯುವವನು ಮಾತ್ರ ಮಾಡುವ ಕೆಲಸ. ಕೈ ತಾಗುವ ಬೋರ್ಡಿಗೆ ಕೊನೆಗೆ ಒಂದು ಕೋಟ್ ವಾರ್ನಿಶ್ ಎಳೆಯುತ್ತೇವೆ, ಎಣ್ಣೆಗೈ ಇಟ್ಟರೂ ಬಟ್ಟೆಯಲ್ಲಿ ಒರೆಸಿದರೆ ಹೋಗಬೇಕು. ಹಟ್ಟಿನ ಗೋಡೆಗೆ ಅದನ್ನೇ ಎಳೆದೆ. ಅಣ್ಣ ಬೆರಳು ಒತ್ತಿದ. ಕಲೆ ಹಿಡಿಯಲಿಲ್ಲ, ಜಾರಿತು. ಮತ್ತೆ ಒತ್ತಿದ. ನಾನು ಬಟ್ಟೆಯಿಂದ ಒಮ್ಮೆ ಒರೆಸಿ, "ನೋಡು, ಈಗೆಂತ ಮಾಡಿದ್ರೂ ಹಾಳಾಗಲ್ಲ" ಎಂದು ಹೆಮ್ಮೆಯಿಂದ ತೋರಿಸಿದೆ. ಅವನು ಕೈಯನ್ನು ಮಡಿಲಿಗೆ ತೆಗೆದುಕೊಂಡ.

ಅಲ್ಲಿಂದ ಮುಂದೆ ಅವನು ಆ ಹಟ್ಟಿನ ಕಡೆ ಕೈ ಚಾಚಲಿಲ್ಲ. ರೈಲು ಬಿಟ್ಟರೆ ನೋಡುತ್ತಿದ್ದ, ನಿಲ್ಲಿಸಿದರೆ ರಸ್ತೆ ನೋಡುತ್ತಿದ್ದ. ಹೆಂಡತಿ, "ಭಾವಂಗೆ ಯಾಕೋ ಬೇಜಾರಾದ ಹಾಗಿದೆ" ಎಂದಳು. ಸೆಕೆಗೆ ಇರಬೇಕು ಎಂದೆ. ಕಾಫಿ ಹೂವು ಬಿಟ್ಟು ಊರೆಲ್ಲ ಘಮ್ಮೆನ್ನುತ್ತಿದ್ದ ವಾರದಲ್ಲಿ, ಬೆಳಿಗ್ಗೆ ಅವಳು ಎಣ್ಣೆ ಬಟ್ಟಲು ಹಿಡಿದು ಹೋಗಿ ನೋಡಿದರೆ ಅಣ್ಣ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದ. ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ನನಗೆ ಹೇಳಿದಳು.

ತಿಥಿಗೆ ಎರಡು ದಿನ ಇದೆ ಎನ್ನುವಾಗ ಅವಳು, "ನೆಂಟ್ರೆಲ್ಲ ಬರ್ತಾರೆ, ಮುಂದಿನ ಕೋಣೆಗೆ ಒಂದು ಕೋಟ್ ಸುಣ್ಣ ಹೊಡೀರಿ. ಭಾವ ಕೂರ್ತಿದ್ದ ಕಡೆ ಗೋಡೆ ಎಣ್ಣೆ ಹಿಡಿದುಬಿಟ್ಟಿದೆ" ಎಂದಳು.

ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಬೆಂಚು ಎಳೆದೆ. ಗೋಡೆಯ ಮೇಲೆ, ಕೂತವನ ತಲೆ ತಾಗುವ ಎತ್ತರಕ್ಕೆ ಸರಿಯಾಗಿ, ತಟ್ಟೆಯಷ್ಟಗಲದ ಕಂದು ಕಲೆ. ನಡುವೆ ಗಾಢ, ಅಂಚಿಗೆ ಬರಬರುತ್ತ ತಿಳಿ. ನನಗೆ ಗೊತ್ತಿಲ್ಲದೆಯೇ ನನ್ನ ಎಡಗೈ ನನ್ನ ತಲೆಗೆ ಹೋಯಿತು. ಅಲ್ಲಿಂದ ಗೋಡೆಗೆ ಬಂತು.

ಬ್ರಶ್ ಬಕೆಟ್ಟಿನೊಳಗೆ ಬಿತ್ತು.

ಪ್ರಾಯದಲ್ಲಿ ನಾನು ಹೋಗಿದ್ದ ಆ ಸಂಜೆ ಪೂರ್ತಿಯಾಗಿ ಕಣ್ಣೆದುರಿಗೆ ಬಂತು. ಕೆಲಸ ಮುಗಿಸಿ ಬಂದವರು ಜಗಲಿಯಲ್ಲಿ ಸಾಲಾಗಿ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಎಲ್ಲರ ತಲೆಯ ಹಿಂದೆಯೂ ಗೋಡೆಯ ಮೇಲೆ ಒಂದೊಂದು ಎಣ್ಣೆಯ ಗುರುತು. ಆಗಷ್ಟೇ ಬ್ರಶ್ ಹಿಡಿದ ಹುಮ್ಮಸ್ಸು ನನ್ನದು. "ಗೋಡೆ ಎಂತ ಗಲೀಜಾಗಿದೆ ಅಣ್ಣ, ನಾಳೆ ನಾನೇ ಒಂದು ಕೋಟ್ ಹೊಡೆದು ಹೋಗ್ಲಾ?" ಎಂದಿದ್ದೆ. ಎಲ್ಲರೂ ನಕ್ಕರು. ಅಣ್ಣ, "ಬೇಡ ಮಾರಾಯ, ಅದು ನಮ್ಮ ಹಾಜರಿ" ಎಂದ. ಅವನ ಪಕ್ಕದಲ್ಲಿ ಒಂದು ಗುರುತಿತ್ತು, ಅದರ ಮುಂದೆ ಯಾರೂ ಕೂತಿರಲಿಲ್ಲ. ಜಾಗ ಇದೆಯಲ್ಲ ಎಂದು ನಾನು ಕೂರಲು ಹೋದರೆ ಅಣ್ಣ ನನ್ನ ಕೈ ಹಿಡಿದು ಈಚೆ ಎಳೆದುಕೊಂಡ. "ಅದು ಹೋದ ಮಳೇಲಿ ಗುಡ್ಡ ಜರಿದಾಗ ಹೋದವನ ಜಾಗ. ಸುಣ್ಣ ಹೊಡೆಯೋಕೆ ಬಂದವ್ರಿಗೂ ಇಷ್ಟು ಗೋಡೆ ಬಿಟ್ಟುಬಿಡಿ ಅಂದಿದೀವಿ" ಎಂದ, ಮೆಲ್ಲಗೆ. ಅಷ್ಟರಲ್ಲಿ ಕೆಳಗಿನಿಂದ ಗೂಡ್ಸ್ ಗಾಡಿ ಕೂಗುತ್ತ ಬಂತು. ನಾನು ಎದ್ದು ಅದನ್ನು ನೋಡಲು ಓಡಿದೆ. ಆ ಮಾತು ಅಲ್ಲೇ ಬಿಟ್ಟುಹೋಯಿತು.

ಅಣ್ಣ ಎರಡು ಕಡೆ ಒತ್ತುತ್ತಿದ್ದ. ಒಂದು ತನ್ನದು, ಒಂದು ಗುಡ್ಡ ಜರಿದು ಹೋದವನದು. ಬಾಯಿಲ್ಲದವನು, ಅಕ್ಷರ ಕಳೆದುಕೊಂಡವನು, ಇದ್ದ ಒಂದು ಬೆರಳಿನಿಂದ ನನ್ನ ಎದುರೇ ಅಷ್ಟು ಸಲ ಬರೆದ. ನಾನು ಬಟ್ಟೆ ತಂದು ಒರೆಸಿದೆ.

ಅವತ್ತು ಮಧ್ಯಾಹ್ನವೇ ಹಟ್ಟನ್ನು ಕೈಗೆ ತೆಗೆದುಕೊಂಡೆ. ಉಪ್ಪುಕಾಗದದಿಂದ ವಾರ್ನಿಶ್ ತಿಕ್ಕಿ ತೆಗೆದೆ. ಸುಣ್ಣ ಬಳಿದು ಬಿಸಿಲಿಗಿಟ್ಟು ಒಣಗಿಸಿದೆ. ಅಣ್ಣನ ಎಣ್ಣೆ ಬಟ್ಟಲು ಕಿಟಕಿಯಲ್ಲಿ ಹಾಗೇ ಇತ್ತು. ಅದರಿಂದ ತಲೆಗೆ ಹಚ್ಚಿಕೊಂಡು, ಅವನ ಹಾಗೆಯೇ ಎಡಗೈಯ ಬೆರಳಿನಿಂದ ಉಜ್ಜಿ ಗೋಡೆಗೆ ತಂದವನು ಅಲ್ಲೇ ನಿಂತೆ. ಅಣ್ಣನ ಜಾಗ ಬಾಗಿಲ ಕಡೆಯದ್ದೋ, ಡ್ರಮ್ಮಿನ ಕಡೆಯದ್ದೋ? ಮೊದಲು ಒತ್ತುತ್ತಿದ್ದದ್ದು ಎಲ್ಲಿ, ಆಮೇಲೆ ಎಲ್ಲಿ? ಅದನ್ನು ನಾನು ಗಮನಿಸಿರಲಿಲ್ಲ. ಇನ್ನು ಕೇಳಲು ಯಾರೂ ಇಲ್ಲ. ತುಂಬ ಹೊತ್ತಿನ ಮೇಲೆ ಎರಡು ಗುರುತು ಪಕ್ಕಪಕ್ಕ ಒತ್ತಿದೆ, ಯಾವುದು ಯಾರದ್ದೆಂದು ಅವರೇ ಹಂಚಿಕೊಳ್ಳಲಿ ಎಂದು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು, ಹಟ್ಟನ್ನು ತಾನೇ ಎತ್ತಿಕೊಂಡು ಹೋಗಿ ಸುರಂಗದ ಪಕ್ಕಕ್ಕೆ ಇಟ್ಟಳು.

ತಿಥಿಗೆ ನೆಂಟರು ಬರುವುದರೊಳಗೆ ಮುಂದಿನ ಕೋಣೆಗೆ ಸುಣ್ಣವನ್ನೂ ಹೊಡೆದೆ. ಎಣ್ಣೆ ಹಿಡಿದ ಗೋಡೆಗೆ ಬರಿಯ ಸುಣ್ಣ ಹೊಡೆದರೆ ನಿಲ್ಲುವುದಿಲ್ಲ. ಮೊದಲು ಉಜ್ಜಿ, ಪ್ರೈಮರ್ ಹಾಕಬೇಕು. ಇಲ್ಲದಿದ್ದರೆ ಸ್ವಲ್ಪ ದಿನಕ್ಕೆ ಕಲೆ ಮೇಲೆ ಬಂದೇ ಬರುತ್ತದೆ. ಬಣ್ಣದ ಕೆಲಸದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಕಲೆ ಮೇಲೆ ಬಂತು. ಮೊದಲು ನೀರು ಚಿಮುಕಿಸಿದಷ್ಟು, ಆಮೇಲೆ ಅಂಗೈಯಷ್ಟು.

"ಪ್ರೈಮರ್ ಹಾಕಿರ್ಲಿಲ್ವಾ ನೀವು?" ಎಂದು ಹೆಂಡತಿ ಕೇಳಿದಳು.

"ಮರೆತೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಬೆಂಚಿನ ಮೇಲೆ ಕೂತು ಗೋಡೆಗೆ ಒರಗಿದಳು, ಆ ಗುರುತಿನ ಮುಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.